ಕಂಬದ ಆಚೆ ಮಿಸ್, ಈಚೆ ಅಮ್ಮ

ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ, ಸೈಕಲ್ ರಿಪೇರಿ ಅಂಗಡಿ ದಾಟಿದ ಮೇಲೆ ಒಂದು ದೀಪದ ಕಂಬವಿದೆ. ಹಸಿರು ಬಣ್ಣ ಅಲ್ಲಲ್ಲಿ ಎದ್ದುಹೋಗಿ ತುಕ್ಕು ಇಣುಕುವ, ಸೊಂಟ ಸ್ವಲ್ಪ ವಾಲಿಸಿಕೊಂಡು ನಿಂತ ಕಂಬ. ದಾರಿಹೋಕರಿಗೆ ಅದು ಬರೀ ಕಂಬ. ಬುಗುರಿಗೂ ಅವಳ ಅಮ್ಮನಿಗೂ ಅದು ಗಡಿ. ಕಂಬದ ಈಚೆ ಇರುವ ತನಕ ಅಮ್ಮ ಅಮ್ಮನೇ. ಕೈ ಹಿಡಿದು ನಡೆಯಬಹುದು, ಹಠ ಮಾಡಬಹುದು, ಚೀಲ ಹೊತ್ತುಕೋ ಎಂದು ಗೋಳುಹೊಯ್ದುಕೊಳ್ಳಬಹುದು. ಕಂಬ ದಾಟಿದರೆ ಮುಗಿಯಿತು, ಅವಳು ಮೂರನೇ ತರಗತಿಯ ಮಿಸ್. ಬುಗುರಿ ಆ ತರಗತಿಯ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುವ ಒಬ್ಬ ಹುಡುಗಿ, ಅಷ್ಟೆ.

ಬುಗುರಿ ಎನ್ನುವುದು ಮನೆಯ ಹೆಸರು. ನಡೆಯಲು ಕಲಿತ ದಿನದಿಂದ ಒಂದು ಕಡೆ ನಿಂತವಳಲ್ಲ, ಕೂತವಳಂತೂ ಅಲ್ಲವೇ ಅಲ್ಲ. ಹಲ್ಲುಜ್ಜುವಾಗಲೂ ಒಂದು ಸುತ್ತು ತಿರುಗಿಯೇ ಉಗುಳುವವಳು.

ಈ ಗಡಿಯ ಏರ್ಪಾಟು ಸುಮ್ಮನೆ ಹುಟ್ಟಿದ್ದಲ್ಲ. ಶಾಲೆ ಶುರುವಾದ ಮೊದಲ ದಿನ, ಗಣಿತದ ನಡುವೆ, ಬುಗುರಿ ಎದ್ದು ನಿಂತು, "ಅಮ್ಮ, ನೀರು ಕುಡಿದು ಬರ್ಲಾ?" ಅಂದುಬಿಟ್ಟಿದ್ದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ವಾರವೆಲ್ಲ ಮಕ್ಕಳು "ಅಮ್ಮಾ, ನೀರೂ" ಎಂದು ರಾಗ ಎಳೆದು ಅವಳ ಪ್ರಾಣ ಹಿಂಡಿದರು. ಒಂದು ಸಂಜೆ ಮನೆಗೆ ಬರುತ್ತಾ ಅಮ್ಮ ಆ ಕಂಬದ ಬಳಿ ನಿಂತು, "ಇಲ್ಲಿಂದ ಆಚೆ ನಾನು ಮಿಸ್, ಈಚೆ ಅಮ್ಮ. ಸರಿನಾ?" ಎಂದಿದ್ದಳು. ಬುಗುರಿ ಕಂಬ ಮುಟ್ಟಿ ಒಪ್ಪಿಕೊಂಡಳು. ಹಾಗಾಗಿ ಈ ಕಥೆಯಲ್ಲೂ ಅವಳನ್ನು ಆಚೆ ಇದ್ದಾಗ ಮಿಸ್ ಎಂದೂ ಈಚೆ ಇದ್ದಾಗ ಅಮ್ಮ ಎಂದೂ ಕರೆಯುವುದೇ ನ್ಯಾಯ.

ಆದರೆ ಬುಗುರಿ ಈ ಒಪ್ಪಂದವನ್ನು ಅಮ್ಮ ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಹಿಡಿದುಕೊಂಡಳು. ಮಿಸ್ ಎಂದರೆ ಎಲ್ಲೋ ಬೇರೆ ಊರಿನ ಹೆಂಗಸು ಎಂಬಂತೆ ಮನೆಯಲ್ಲಿ ಅವರ ಸುದ್ದಿ ಹೇಳತೊಡಗಿದಳು.

"ಅಮ್ಮ, ನಮ್ಮ ಮಿಸ್ ಇವತ್ತು ತುಂಬಾ ಸಿಡಿಸಿಡಿ."

"ಯಾಕಂತೆ?"

"ಬೆಳಿಗ್ಗೆ ಮನೇಲಿ ಯಾರೋ ಕಾಡಿರ್ಬೇಕು, ಪಾಪ."

"ಯಾರಪ್ಪಾ ಆ ಪುಣ್ಯಾತ್ಗಿತ್ತಿ!" ಎಂದು ಅಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಳ್ಳುವಳು.

ಅಪ್ಪ ಬಸ್ ಡ್ರೈವರ್. ಪಾಳಿ ಮುಗಿಸಿ ಬಂದು ಶೂ ಬಿಚ್ಚುತ್ತಾ ಅವನೂ ಈ ಆಟಕ್ಕೆ ಕೈಜೋಡಿಸುವನು. "ನಿಮ್ಮ ಮಿಸ್ ನೋಡೋಕೆ ಹೇಗಿದ್ದಾರೆ ಪುಟ್ಟಾ?"

"ಪರವಾಗಿಲ್ಲ. ಆದ್ರೆ ನಮ್ಮಮ್ಮನಷ್ಟು ಚೆನ್ನಾಗಿಲ್ಲ."

ಅಮ್ಮನಿಗೆ ಇದರಿಂದ ಖುಷಿಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ಒಟ್ಟಿನಲ್ಲಿ ನಗು ಬರುತ್ತಿತ್ತು.

ಹೀಗಿರುವಾಗ ಶೂ ಡಬ್ಬಿಗಳ ಕಾಲ ಬಂತು. ಪ್ರತಿ ವರ್ಷ ಮೂರನೇ ತರಗತಿಯ ಮಕ್ಕಳು ಖಾಲಿ ಶೂ ಡಬ್ಬಿಯನ್ನು ಅಡ್ಡ ಮಲಗಿಸಿ, ಅದರೊಳಗೆ ಒಂದು ಪುಟ್ಟ ಜಗತ್ತನ್ನು ಮಾಡುತ್ತಾರೆ. ಕಾಗದದ ಗೋಡೆ, ಬೆಂಕಿಪೆಟ್ಟಿಗೆಯ ಮೇಜು, ಗುಂಡಿಯ ಗಡಿಯಾರ. ಆಮೇಲೆ ಒಂದು ಶನಿವಾರ ಮನೆಯವರು ಬಂದು ನೋಡುತ್ತಾರೆ. ಈ ವರ್ಷದ ವಿಷಯ, "ನಮ್ಮ ಮನೆಯವರು ದಿನಾ ಇರುವ ಜಾಗ."

ಹಿಂದಿನ ವರ್ಷ ಒಂದು ಎಡವಟ್ಟಾಗಿತ್ತು. ಒಬ್ಬ ಎಂಜಿನಿಯರ್ ಅಪ್ಪ ಮಗನ ಡಬ್ಬಿಯಲ್ಲಿ ಅಂಗೈಯಗಲದ ಅರಮನೆ ಕಟ್ಟಿ, ಒಳಗೆ ದೀಪ ಬೇರೆ ಹಾಕಿಸಿದ್ದ. ಸ್ವಿಚ್ ಎಲ್ಲಿದೆಯೆಂದು ಕೇಳಿದರೆ ಮಗ, "ಅಪ್ಪನಿಗೆ ಫೋನ್ ಮಾಡಿ" ಎಂದಿದ್ದ. ಅದಕ್ಕೇ ಮಿಸ್ ಈ ಸಲ ಕಟ್ಟುನಿಟ್ಟಾಗಿ ಎರಡು ಮಾತು ಹೇಳಿದರು. ಡಬ್ಬಿಗೆ ಮಕ್ಕಳ ಕೈ ಬಿಟ್ಟು ದೊಡ್ಡವರ ಕೈ ತಾಗಬಾರದು. ಶನಿವಾರ ಪ್ರತಿಯೊಬ್ಬರೂ ತಮ್ಮ ಡಬ್ಬಿಯನ್ನು ತಮ್ಮ ಮನೆಯವರಿಗೆ ತಾವೇ ತೋರಿಸಿ ವಿವರಿಸಬೇಕು.

ಸಂಜೆ ಬುಗುರಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

"ಅಮ್ಮ, ನಮ್ಮ ಮಿಸ್ ದೊಡ್ಡವರು ಮುಟ್ಟೋ ಹಾಗಿಲ್ಲ ಅಂದಿದ್ದಾರೆ."

"ಹೌದಾ? ಒಳ್ಳೇದೇ ಹೇಳಿದ್ದಾರೆ ಬಿಡು."

"ಒಳ್ಳೇದಾ? ಕತ್ತರಿ ನನ್ನ ಮಾತು ಕೇಳಲ್ವಲ್ಲ. ನೀನು ಸ್ವಲ್ಪ, ಒಂದೇ ಒಂದು ಕಡೆ ಕತ್ತರಿಸಿಕೊಟ್ರೆ ಮಿಸ್‌ಗೆ ಹೇಗೆ ಗೊತ್ತಾಗುತ್ತೆ?"

ಅಮ್ಮ ಸೌಟು ಹಿಡಿದುಕೊಂಡೇ ಯೋಚಿಸಿದಳು. "ನಿಮ್ಮ ಮಿಸ್‌ಗೆ ಎಲ್ಲಾ ಗೊತ್ತಾಗುತ್ತೆ ಕಣೆ. ಅದೇನೋ, ನಂಗೆ ಹಾಗನ್ಸುತ್ತೆ."

"ನಂಗೂ ಅನ್ಸುತ್ತೆ," ಎಂದು ಬುಗುರಿ ನಿಟ್ಟುಸಿರು ಬಿಟ್ಟಳು.

ಅವಳ ಶೂ ಡಬ್ಬಿ ಚಿಕ್ಕದು. ಅಪ್ಪನದು ದೊಡ್ಡದು, ಆದರೆ ಅದರ ತುಂಬ ಹಳೆ ಬಲ್ಬು, ವೈರಿನ ತುಂಡು, ಯಾವ ಬೀಗದ್ದೋ ಯಾರಿಗೂ ಗೊತ್ತಿಲ್ಲದ ಕೀಲಿಗಳು. "ಅದರಲ್ಲಿ ನನ್ನ ಆಸ್ತಿ ಇದೆ ಕಣಮ್ಮ" ಎಂದು ಅಪ್ಪ ಅಂಗಲಾಚಿದ. ಆಸ್ತಿಯೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಇಳಿಯಿತು, ಡಬ್ಬಿ ಬುಗುರಿಯ ಕೈಸೇರಿತು.

ಅವಳು ಊಟದ ಮೇಜಿನ ಕೆಳಗೆ ಸೇರಿಕೊಂಡಳು. ಸುತ್ತ ಹಳೆ ಬೆಡ್‌ಶೀಟ್ ಇಳಿಬಿಟ್ಟು ಕಾರ್ಖಾನೆ ಮಾಡಿಕೊಂಡಳು. "ಯಾರೂ ಇಣುಕಬಾರದು!" ಅಪ್ಪ ಅಮ್ಮ ಕಾಲು ಮಡಚಿಕೊಂಡು ಊಟ ಮಾಡಬೇಕಾಯಿತು. ಕೆಳಗಿನಿಂದ ಕತ್ತರಿಯ ಕಚಕಚ, ಗೋಂದಿನ ವಾಸನೆ, ನಡುನಡುವೆ "ಥೂ, ಹಾಳಾದ್ದು!" ಎಂಬ ಬೈಗುಳ. ರಟ್ಟು ಹರಿದ ಸದ್ದೊಂದು ಕೇಳಿಸಿದಾಗ ಅಮ್ಮನ ಕೈ ತನಗೆ ತಾನೇ ಮುಂದೆ ಹೋಯಿತು. ಅವಳಿಗೆ ಕತ್ತರಿ ಕೆಲಸವೆಂದರೆ ಪ್ರಾಣ. ಗೆರೆ ಹಾಕದೆಯೇ ನೇರ ಕತ್ತರಿಸುವ ಕೈ ಅವಳದು. ಬೆಡ್‌ಶೀಟಿನ ಅಂಚಿನವರೆಗೂ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡು, ಆಗಲೇ ತೊಳೆದಿಟ್ಟಿದ್ದ ಪಾತ್ರೆಯನ್ನು ಮತ್ತೊಮ್ಮೆ ತಿಕ್ಕತೊಡಗಿದಳು. ಆ ವಾರ ಅವರ ಮನೆಯ ಪಾತ್ರೆಗಳು ಹೊಳೆದಷ್ಟು ಹಿಂದೆಂದೂ ಹೊಳೆದಿರಲಿಲ್ಲ.

ಒಂದು ಸಂಜೆ ಬೆಡ್‌ಶೀಟಿನ ಸಂದಿಯಿಂದ ಬುಗುರಿಯ ತಲೆ ಮಾತ್ರ ಹೊರಬಂತು. ಹುಬ್ಬಿನ ಮೇಲೆ ಗೋಂದು ಒಣಗಿತ್ತು.

"ಅಮ್ಮ, ಶನಿವಾರ ನೀನು ಬರ್ತೀಯಾ?"

"ನಾನು ಅಲ್ಲೇ ಇರ್ತೀನಲ್ಲೇ."

"ಅಲ್ಲಿರೋದು ಮಿಸ್. ನೀನು ಬರ್ತೀಯಾ ಅಂತ ಕೇಳ್ದೆ."

ಅಮ್ಮ ನಕ್ಕಳು. ಒಣಗಿದ ಬಟ್ಟೆ ಮಡಚುತ್ತಿದ್ದವಳು ಅಪ್ಪನ ಕಡೆ ನೋಡಿದಳು. ಅಪ್ಪ ತಲೆ ಕೆರೆದುಕೊಂಡ. "ಶನಿವಾರ ನನ್ನ ಪಾಳಿ ಪುಟ್ಟಾ. ಎಲ್ಲರ ಹತ್ರನೂ ಕೇಳಿ ನೋಡ್ದೆ, ಯಾರೂ ಬದಲಾಯಿಸ್ಕೊಳ್ಳಲ್ಲ ಅಂತಾರೆ. ಪಕ್ಕದ ಮನೆ ಅತ್ತೆನ ಕಳಿಸ್ಲಾ?"

"ಬೇಡ. ಅಮ್ಮನೇ ಬರ್ಬೇಕು. ಡಬ್ಬಿ ಅಮ್ಮನಿಗೆ."

"ನೋಡೋಣ," ಎಂದಳು ಅಮ್ಮ, ಬಟ್ಟೆಯ ಮೇಲಿನ ಕಣ್ಣು ತೆಗೆಯದೆ. ನೋಡೋಣ ಎನ್ನುವುದು ಎಷ್ಟು ಅನುಕೂಲದ ಮಾತು! ಹೂಂ ಅಂದಂತೆಯೂ ಆಗುತ್ತದೆ, ಉಹೂಂ ಅಂದಂತೆಯೂ ಆಗುತ್ತದೆ. ಆದರೆ ಮಕ್ಕಳು ಅದನ್ನು ಬೀರುವಿನಲ್ಲಿ ಭದ್ರವಾಗಿಟ್ಟು, ಬೇಕಾದ ದಿನ ಹೊರಗೆ ತೆಗೆಯುತ್ತಾರೆ.

ಶಾಲೆಯಲ್ಲಿ ಮಿಸ್‌ಗೆ ಇನ್ನೊಂದು ಪೇಚಾಟ. ಮಗಳಿಗೆ ಹೆಚ್ಚು ಮಾಡಿದಳು ಎಂದು ಯಾರೂ ಬೆರಳು ತೋರಿಸಬಾರದಲ್ಲ. ಹಾಗಾಗಿ ಗೋಂದಿನ ಬಾಟಲಿ ಎಲ್ಲಾ ಬೆಂಚುಗಳನ್ನು ಸುತ್ತಿ ಕೊನೆಗೆ ಬುಗುರಿಯ ಬೆಂಚಿಗೆ ಬರುತ್ತಿತ್ತು. ಬರುವ ಹೊತ್ತಿಗೆ ತಳ ಒಣಗಿರುತ್ತಿತ್ತು. ಬಣ್ಣದ ಕಾಗದದಲ್ಲಿ ಎಲ್ಲರೂ ಬೇಡವೆಂದು ಬಿಟ್ಟ ಬೂದು ಅವಳ ಪಾಲಿಗೆ. ಚಿತ್ರಕಲೆಯ ಮೇಷ್ಟ್ರು ವಯಸ್ಸಾದವರು, ಮೀಸೆಯಲ್ಲೇ ನಗುವವರು. ಒಂದು ದಿನ ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಮೆಲ್ಲಗೆ ಹೇಳಿದರು. "ಅಲ್ಲಾ ಮಿಸ್, ಬೇರೆಯವರು ಮಕ್ಕಳಿಗೆ ಜಾಸ್ತಿ ಕೊಟ್ಟು ಹೆಸರು ಕೆಡಿಸ್ಕೋತಾರೆ. ನೀವು ಕಡಿಮೆ ಕೊಟ್ಟು ಹೆಸರು ಉಳಿಸ್ಕೋತಿದ್ದೀರಿ. ಪಾಪ, ಆ ಹುಡುಗಿ ಗೋಂದು ಎಲ್ಲಿಂದ ತರ್ಬೇಕು?"

"ಮನೇಲಿದೆ ಸರ್," ಎಂದರು ಮಿಸ್.

"ಹಾಗಾದ್ರೆ ಮನೆಯಾದ್ರೂ ಇದೆಯಲ್ಲ ಬಿಡಿ," ಎಂದು ಮೇಷ್ಟ್ರು ಹೋದರು. ಮಿಸ್‌ಗೆ ಆ ಮಾತು ಚಪ್ಪಲಿಯಲ್ಲಿ ಸಿಕ್ಕಿದ ಕಲ್ಲಿನಂತೆ ಆಗಾಗ ಚುಚ್ಚುತ್ತಿತ್ತು. ಆದರೂ ಶುಕ್ರವಾರ ಡಬ್ಬಿಗಳನ್ನು ಜೋಡಿಸುವಾಗ ಮತ್ತೆ ಅದೇ ತಪ್ಪು. ಕಿಟಕಿಯ ಬೆಳಕು ಬೀಳುವ ಮೇಲಿನ ಹಲಗೆಯೆಲ್ಲ ಬೇರೆ ಮಕ್ಕಳಿಗೆ. ಬುಗುರಿಯ ಡಬ್ಬಿ ಕೆಳಗಿನ ಸಾಲಿನ ಕೊನೆಗೆ, ಬಾಗಿಲ ಮೂಲೆಗೆ. ಅದರ ಮುಂಭಾಗಕ್ಕೆ ಕರವಸ್ತ್ರದ ಪರದೆ ಕಟ್ಟಿತ್ತು. ಎತ್ತಿ ನೋಡುವ ಆಸೆ ಮಿಸ್‌ಗೆ ಆಯಿತು. ನೋಡಲಿಲ್ಲ.

ಶನಿವಾರ ಬೆಳಿಗ್ಗೆ ತರಗತಿ ಗಿಜಿಗಿಜಿ ಎನ್ನುತ್ತಿತ್ತು. ಮಿಸ್ ಎಂದಿನ ನೀಲಿ ಮೇಲಂಗಿ ತೊಟ್ಟು, ಕೂದಲನ್ನು ಎತ್ತಿ ಗಂಟು ಹಾಕಿ, ಎಲ್ಲರನ್ನೂ ಬರಮಾಡಿಕೊಳ್ಳುತ್ತಿದ್ದರು. ದೊಡ್ಡವರೆಲ್ಲ ಪುಟ್ಟ ಬೆಂಚುಗಳ ನಡುವೆ ಮಂಡಿ ಬಡಿಸಿಕೊಂಡು ಓಡಾಡುತ್ತಿದ್ದರು. ಬೇಕರಿಯವನ ಮಗಳು ತನ್ನ ಡಬ್ಬಿಯಲ್ಲಿ ನಿಜವಾದ ಬ್ರೆಡ್ಡನ್ನೇ ಇಟ್ಟಿದ್ದಳು. ಗಿರಾಕಿಗಳು ಸಾಲುಗಟ್ಟಿ ಬಂದಿದ್ದರು.

"ಇರುವೆ ನಾನು ಮಾಡಿದ್ದಲ್ಲ ಅಪ್ಪ, ಅವೇ ಬಂದಿದ್ದು."

"ಇರ್ಲಿ ಬಿಡು, ನಮ್ಮ ಅಂಗಡಿಗೂ ಅವೇ ಬರೋದು."

ಕ್ಷೌರಿಕನ ಮಗ ಬಟ್ಟೆಯ ಬೊಂಬೆಯೊಂದಕ್ಕೆ ತನ್ನದೇ ಕೂದಲು ಕತ್ತರಿಸಿ ಅಂಟಿಸಿದ್ದ. ಅವನ ನೆತ್ತಿಯಲ್ಲೊಂದು ಕಿಂಡಿ ಕಾಣುತ್ತಿತ್ತು. "ಅಯ್ಯೋ ನನ್ನಪ್ಪಾ, ನನ್ನ ಮಾನ ಕಳೆದ್ಯಲ್ಲೋ!" ಎಂದು ತಂದೆ ಹೌಹಾರಿದ, ಮರುಕ್ಷಣವೇ ಮಗನನ್ನು ಎತ್ತಿಕೊಂಡು ಎಲ್ಲರಿಗೂ ತೋರಿಸಿದ. ಆಸ್ಪತ್ರೆಯ ದಾದಿಯ ಮಗಳ ಡಬ್ಬಿಯಲ್ಲಿ ಸಾಲು ಮಂಚ, ಎಲ್ಲ ಮಂಚಗಳೂ ಖಾಲಿ. "ಎಲ್ಲರಿಗೂ ವಾಸಿಯಾಗಿ ಮನೆಗೆ ಹೋದ್ರು" ಎಂದು ಹುಡುಗಿ ಹೇಳಿದಾಗ ತಾಯಿ ಕನ್ನಡಕ ತೆಗೆದು ಒರೆಸಿಕೊಂಡಳು.

ಬಾಗಿಲ ಮೂಲೆಯಲ್ಲಿ ಬುಗುರಿ ನೆಲದ ಮೇಲೆ ಕೂತಿದ್ದಳು. ಮಂಡಿಗೆ ಗಲ್ಲ ಊರಿ, ಅಲುಗಾಡದೆ. ತಿರುಗುವ ಹುಡುಗಿ ಅಲುಗಾಡದೆ ಕೂತದ್ದನ್ನು ಮಿಸ್ ಆ ಗಲಾಟೆಯಲ್ಲೂ ಗಮನಿಸಿದರು.

ಒಬ್ಬ ಹೆಂಗಸು ಬಗ್ಗಿ ಕೇಳಿದಳು. "ಇದು ಯಾರದಮ್ಮ? ಪರದೆ ತೆಗಿ, ನೋಡೋಣ."

"ನಮ್ಮನೆಯವರು ಇನ್ನೂ ಬಂದಿಲ್ಲ ಆಂಟಿ. ಬಂದ ಮೇಲೆ ತೆಗೀತೀನಿ."

"ನಿಮ್ಮಮ್ಮ ಅಲ್ಲೇ ಇದ್ದಾರಲ್ಲೇ!"

"ಅವರು ಮಿಸ್."

ಸುತ್ತಲಿದ್ದವರು ಘೊಳ್ಳೆಂದು ನಕ್ಕರು. ಮಿಸ್ ಕೂಡ ನಗಲು ಹೋದರು, ನಗು ಅರ್ಧಕ್ಕೇ ನಿಂತಿತು. ಬುಗುರಿ ತಮಾಷೆ ಮಾಡುತ್ತಿರಲಿಲ್ಲ. ಅವಳ ಕಣ್ಣು ಬಾಗಿಲ ಮೇಲಿತ್ತು. ಯಾರ ಚಪ್ಪಲಿ ಸದ್ದಾದರೂ ಕತ್ತು ಮೇಲೇಳುತ್ತಿತ್ತು, ಮತ್ತೆ ಮಂಡಿಗೆ ಇಳಿಯುತ್ತಿತ್ತು.

ಮಿಸ್ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತರು. ದನಿ ತಗ್ಗಿಸಿ, "ನಂಗೆ ತೋರ್ಸು ಪುಟ್ಟಾ" ಎಂದರು.

ಬುಗುರಿ ಸುತ್ತ ನೋಡಿದಳು, ಯಾರಾದರೂ ಕೇಳಿಸಿಕೊಂಡರೇನೋ ಎಂದು. "ಮಿಸ್, ಮನೆಯವರಿಗೇ ತೋರಿಸ್ಬೇಕು ಅಂತ ನೀವೇ ಹೇಳಿದ್ರಲ್ಲ."

"ಹೇಳಿದ್ದೆ."

"ನಮ್ಮಮ್ಮ ನೋಡೋಣ ಅಂದಿದ್ದಾರೆ. ಬರಲ್ಲ ಅಂತೇನೂ ಅಂದಿಲ್ಲ. ಕಾಯ್ತೀನಿ."

ಹೇಳುವಾಗ ಕೆಳತುಟಿ ಒಂದಿಷ್ಟು ನಡುಗಿತು. ಅಳು ಬರುವ ಮುಂಚೆ ಅವಳ ತುಟಿ ಹೇಗೆ ನಡುಗುತ್ತದೆಂದು ಮಿಸ್‌ಗೆ ಗೊತ್ತಿರಬೇಕಾದ ಕಾರಣವಿಲ್ಲ. ಅಮ್ಮನಿಗೆ ಗೊತ್ತು.

ಮಿಸ್ ಎದ್ದರು. ಗೋಡೆಯ ಮೇಲಿನ ಚಿತ್ರಗಳನ್ನು ನೋಡುತ್ತಿದ್ದ ಮೇಷ್ಟ್ರ ಬಳಿ ಹೋಗಿ, "ಸರ್, ಸ್ವಲ್ಪ ಹೊತ್ತು ಇವರನ್ನೆಲ್ಲ ನೋಡ್ಕೋತೀರಾ? ನಮ್ಮ ತರಗತಿಯ ಒಬ್ಬ ತಾಯಿ ಇನ್ನೂ ಬಂದಿಲ್ಲ" ಎಂದರು. ಮೇಷ್ಟ್ರು ಬಾಗಿಲ ಮೂಲೆಗೊಮ್ಮೆ ನೋಡಿ, "ಹೋಗಿ ಕರ್ಕೊಂಡು ಬನ್ನಿ. ನಿಧಾನ ಮಾಡ್ಬೇಡಿ" ಎಂದರು, ಮೀಸೆ ಅಲುಗಿತು.

ಮಿಸ್ ನೀಲಿ ಮೇಲಂಗಿಯನ್ನು ಬಿಚ್ಚಿ ತಮ್ಮ ಕುರ್ಚಿಯ ಬೆನ್ನಿಗೆ ಹಾಕಿದರು. ಕನ್ನಡಕವನ್ನು ಅದರ ಜೇಬಿಗಿಟ್ಟರು. ಅಂಗಳ ದಾಟಿ, ಗೇಟು ದಾಟಿ, ರಸ್ತೆಯಲ್ಲಿ ಬಿರಬಿರನೆ ನಡೆದರು. ಕಂಬ ಬಂತು. ಅದನ್ನು ದಾಟಿ ನಾಲ್ಕು ಹೆಜ್ಜೆ ಈಚೆಗೆ ಬಂದು ನಿಂತದ್ದು ಅಮ್ಮ. ಗಂಟು ಬಿಚ್ಚಿ ಕೂದಲನ್ನು ಮನೆಯಲ್ಲಿರುವಂತೆ ಸಡಿಲ ಜಡೆ ಹಾಕಿಕೊಂಡಳು. ಸೈಕಲ್ ಅಂಗಡಿಯವನು ಟ್ಯೂಬಿಗೆ ಗಾಳಿ ಹೊಡೆಯುವುದನ್ನು ನಿಲ್ಲಿಸಿ ನೋಡುತ್ತಿದ್ದ. ನೋಡಲಿ ಎಂದುಕೊಂಡು ಅಮ್ಮ ತಿರುಗಿ ಹೊರಟಳು. ಕಂಬ ದಾಟುವಾಗ ಮೊದಲ ಬಾರಿಗೆ ಏನೂ ಬದಲಾಗಲಿಲ್ಲ. ಅಮ್ಮನೇ ಹೋದಳು.

ಗೇಟಿನ ಕಾವಲುಗಾರ, "ಏನ್ ಮಿಸ್, ಏನಾದ್ರೂ ಮರೆತು ಬಂದಿದ್ರಾ?" ಎಂದ.

"ಮಿಸ್ ಒಳಗಿದ್ದಾರೆ. ನಾನು ಮಗಳ ಡಬ್ಬಿ ನೋಡೋಕೆ ಬಂದೆ."

ಅವನು ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಏನನ್ನಿಸಿತೋ, ಗೇಟನ್ನು ಇನ್ನಷ್ಟು ಅಗಲಕ್ಕೆ ತೆರೆದ.

ತರಗತಿಯ ಬಾಗಿಲನ್ನು ಅಮ್ಮ ಮೆಲ್ಲಗೆ ತಟ್ಟಿದಳು. "ಒಳಗೆ ಬರ್ಬೋದಾ? ಲೇಟಾಯ್ತು."

ಬುಗುರಿ ನೆಲದಿಂದ ಚಿಮ್ಮಿ ಎದ್ದಳು. ಜಡೆ ನೋಡಿದಳು, ಮುಖ ನೋಡಿದಳು, ನಿಂತಲ್ಲೇ ಒಂದು ಸುತ್ತು ತಿರುಗಿದಳು. "ನಮ್ಮಮ್ಮ ಬಂದ್ರು! ಸರ್, ನಮ್ಮಮ್ಮ ಬಂದ್ರು!"

"ಬನ್ನಿ ಬನ್ನಿ," ಎಂದರು ಮೇಷ್ಟ್ರು, ಹೊಸಬರನ್ನು ಕಂಡವರಂತೆ. "ನಿಮ್ಮ ಹುಡುಗಿ ಬೆಳಿಗ್ಗೆಯಿಂದ ದಾರಿ ಕಾಯ್ತಿದ್ದಾಳೆ."

"ಶಾಲೇಲಿ ಹೇಗಿದ್ದಾಳೆ ಸರ್?"

"ಮಾತು ಜಾಸ್ತಿ. ಗೋಂದು ಕಡಿಮೆ."

ಬುಗುರಿ ಅಮ್ಮನ ಕೈ ಹಿಡಿದೆಳೆದು ಕೂರಿಸಿ ಪರದೆ ಸರಿಸಿದಳು.

ಡಬ್ಬಿಯೊಳಗೆ ಒಂದು ರಸ್ತೆ. ಎಡಗಡೆ ಶಾಲೆ, ಕರಿಹಲಗೆ, ಬೆಂಚು. ಬಲಗಡೆ ಮನೆ, ಬೆಂಕಿಪೆಟ್ಟಿಗೆಯ ಒಲೆ, ಊಟದ ಮೇಜು, ಅದರ ಸುತ್ತ ಇಳಿಬಿಟ್ಟ ಚಿಂದಿಯ ಬೆಡ್‌ಶೀಟ್. ಯಾರಿಗೂ ಬೇಡವಾದ ಬೂದು ಕಾಗದವೆಲ್ಲ ರಸ್ತೆಯಾಗಿತ್ತು. ನಟ್ಟನಡುವೆ ಹಸಿರು ಪೆನ್ಸಿಲಿನ ಕಂಬ, ಸ್ವಲ್ಪ ವಾಲಿ. ಡಬ್ಬಿಯ ಮೇಲ್ಭಾಗದಲ್ಲಿ ಈ ತುದಿಯಿಂದ ಆ ತುದಿಗೆ ಒಂದು ಸೀಳು. ಸೀಳಿನಿಂದ ಐಸ್‌ಕ್ರೀಮ್ ಕಡ್ಡಿಯೊಂದು ಇಳಿದು, ಅದರ ತುದಿಗೆ ಕಾಗದದ ಬೊಂಬೆ ನೇತಾಡುತ್ತಿತ್ತು. ಒಂದು ಮಗ್ಗುಲು ನೀಲಿ ಅಂಗಿ, ಕನ್ನಡಕ, ಗಂಟು. ಇನ್ನೊಂದು ಮಗ್ಗುಲು ಜಡೆ, ಕೈಯಲ್ಲಿ ಸೌಟು, ದೊಡ್ಡ ಬಾಯಿಯ ನಗು.

"ನಮ್ಮನೆಯವರು ದಿನಾ ಇರೋ ಜಾಗ," ಎಂದು ಬುಗುರಿ ಗಂಟಲು ಸರಿಮಾಡಿಕೊಂಡಳು. "ಇದು ನಮ್ಮಮ್ಮ. ಹೀಗೆ ಹೋಗ್ತಾರೆ. ಕಂಬದ ಹತ್ರ ಹೀಗೆ ತಿರುಗ್ತಾರೆ. ಆಮೇಲೆ ಮಿಸ್."

ಸೀಳು ಕಂಬದ ಬಳಿ ಸೊಟ್ಟಗಾಗಿತ್ತು. ಅಂದು ಹರಿದ ಸದ್ದು ಬಂದದ್ದು ಇಲ್ಲೇ ಇರಬೇಕು. ಕಡ್ಡಿ ಅಲ್ಲಿ ಸಿಕ್ಕಿಕೊಂಡು ಬೊಂಬೆ ಅಡ್ಡಡ್ಡ ನಿಂತಿತು. ಈ ಕಡೆಯಿಂದ ಅರ್ಧ ನಗು, ಆ ಕಡೆಯಿಂದ ಅರ್ಧ ಕನ್ನಡಕ.

"ಇಲ್ಲಿ ಮಾತ್ರ ಸ್ವಲ್ಪ ತಡ ಆಗುತ್ತೆ," ಎಂದು ಬುಗುರಿ ಕಡ್ಡಿಯನ್ನು ಒದ್ದಾಡಿಸಿದಳು. "ಕತ್ತರಿ ಮಾತು ಕೇಳ್ಲಿಲ್ಲ."

"ತಡವಾದ್ರೆ ಆಗ್ಲಿ ಬಿಡು," ಎಂದಳು ಅಮ್ಮ. "ನೀನೆಲ್ಲಿದ್ದೀಯ ಇದರಲ್ಲಿ?"

"ಇಲ್ಲೊಬ್ಳು, ಬೆಂಚ್ ಮೇಲೆ. ಇಲ್ಲೊಬ್ಳು, ಮೇಜಿನ ಕೆಳಗೆ." ಬೆಡ್‌ಶೀಟಿನ ಚಿಂದಿ ಎತ್ತಿ ತೋರಿಸಿದಳು. ಎರಡೂ ಬೊಂಬೆ ಒಂದೇ ಥರ, ಒಂದೇ ಕೆಂಪು ಅಂಗಿ. "ನಾನು ತಿರುಗಲ್ಲ ಅಮ್ಮ. ಎರಡು ಕಡೆನೂ ನಾನೇ."

ಅಮ್ಮ ಅವಳನ್ನು ತಬ್ಬಿಕೊಂಡಳು. ತರಗತಿಯ ನಡುವೆ, ಎಲ್ಲರ ಕಣ್ಣೆದುರು. ಬುಗುರಿ ಒಂದು ಕ್ಷಣ ಬಿಗಿಯಾದಳು, ಯಾರಾದರೂ ರಾಗ ಎಳೆಯುತ್ತಾರೇನೋ ಎಂದು. ಯಾರೂ ಎಳೆಯಲಿಲ್ಲ. ಎಲ್ಲ ಮಕ್ಕಳೂ ತಂತಮ್ಮ ಮನೆಯವರ ತೋಳಲ್ಲೋ ಮಡಿಲಲ್ಲೋ ಇದ್ದರು. ಕ್ಷೌರಿಕನ ಮಗನಂತೂ ಅಪ್ಪನ ಹೆಗಲಿನಿಂದ ಇನ್ನೂ ಇಳಿದಿರಲಿಲ್ಲ.

"ಬಾ, ನಮ್ಮ ಮಿಸ್‌ನ ಪರಿಚಯ ಮಾಡಿಸ್ತೀನಿ," ಎಂದು ಬುಗುರಿ ಅಮ್ಮನನ್ನು ಕುರ್ಚಿಯ ಬಳಿ ಕರೆದೊಯ್ದು ನೀಲಿ ಮೇಲಂಗಿಯನ್ನು ತೋರಿಸಿದಳು. "ಇವರೇ."

ಅಮ್ಮ ಮೇಲಂಗಿಯ ಖಾಲಿ ತೋಳನ್ನು ಹಿಡಿದು ಕುಲುಕಿದಳು. "ನಿಮ್ಮ ಬಗ್ಗೆ ಮಗಳು ತುಂಬಾ ಹೇಳ್ತಿರ್ತಾಳೆ ಮಿಸ್. ಒಂದು ಮಾತು ಕೇಳ್ಬೇಕಿತ್ತು. ಸೋಮವಾರದಿಂದ ಗೋಂದಿನ ಬಾಟಲಿ ಒಮ್ಮೊಮ್ಮೆ ಕಿಟಕಿ ಕಡೆಯಿಂದಲೂ ಶುರು ಮಾಡ್ತೀರಾ?"

"ಏನಂದ್ರು?" ಬುಗುರಿ ಕೇಳಿದಳು.

"ಸರಿ ಅಂದ್ರು."

ಸಂಜೆ ಅಪ್ಪ ಬಂದಾಗ ಡಬ್ಬಿ ಊಟದ ಮೇಜಿನ ಮೇಲಿತ್ತು, ಕೆಳಗಲ್ಲ. ಕಾಲು ಚಾಚಿ ಕೂತು ಅವನು ಕೇಳಿದ. "ಹೇಗಾಯ್ತು ಪುಟ್ಟಾ? ನಿಮ್ಮ ಮಿಸ್ ಏನಂದ್ರು?"

"ಮಿಸ್ ಇವತ್ತು ಸ್ವಲ್ಪ ಹೊತ್ತು ರಜೆ ಹಾಕಿದ್ರು ಅಪ್ಪ. ಅಮ್ಮ ಬಂದಿದ್ರು."

ಅಪ್ಪ ಹೆಂಡತಿಯ ಮುಖ ನೋಡಿದ. ಅವಳು ತಟ್ಟೆ ಇಡುತ್ತಾ ಮುಸಿಮುಸಿ ನಗುತ್ತಿದ್ದಳು. ಅವನು ಕಡ್ಡಿ ಹಿಡಿದು ಬೊಂಬೆಯನ್ನು ಶಾಲೆಯಿಂದ ಮನೆಗೆ ಓಡಿಸಿದ, ಬಸ್ಸಿನ ಸದ್ದು ಮಾಡುತ್ತಾ. ಕಂಬದ ಬಳಿ ಗಕ್ಕನೆ ನಿಂತಿತು.

"ಇಲ್ಲೊಂದು ಚೂರು ಕೆತ್ತಿದ್ರೆ ಸಲೀಸಾಗಿ ಓಡುತ್ತೆ. ಬ್ಲೇಡ್ ತರ್ಲಾ?"

"ಮುಟ್ಬೇಡ!" ಎಂದರು ತಾಯಿ ಮಗಳು ಒಟ್ಟಿಗೆ.

ಅಪ್ಪ ಎರಡೂ ಕೈ ಮೇಲೆತ್ತಿದ. ಬುಗುರಿ ಬಂದು ಕಡ್ಡಿಯನ್ನು ಮೆಲ್ಲಗೆ ಅಲುಗಿಸಿ ಬಿಡಿಸಿದಳು. ಬೊಂಬೆ ತಿರುಗಿ, ಸೌಟು ಹಿಡಿದು, ಮನೆಯ ಕಡೆ ಹೊರಟಿತು.